ಗಜನಿ ಕಟ್ಟೆಯ ಮೇಲೆ ನಿಂತು ದಿನಕರ ದೇಸಾಯಿಯವರ ಮಾತು

ಅಂಕೋಲೆಯ ಬಸ್ ನಿಲ್ದಾಣದಿಂದ ಇಲ್ಲಿಯವರೆಗಿನ ದಾರಿಯನ್ನು ನೀವೇ ನೋಡಿದ್ದೀರಿ. ಈಗ ಕಾಣುತ್ತಿರುವುದು ಗಂಗಾವಳಿ ಹೊಳೆಯ ಅಂಚಿನ ಗಜನಿ, ಅಂದರೆ ಉಪ್ಪುನೀರನ್ನು ತಡೆಯಲು ಕಟ್ಟೆ ಕಟ್ಟಿಕೊಂಡ ತಗ್ಗು ಗದ್ದೆ. ದಿನಕರ ದೇಸಾಯಿಯವರ ಕುರಿತ ವಿಡಿಯೊವನ್ನು ಗೋಖಲೆ ಸೆಂಟೆನರಿ ಕಾಲೇಜಿನ ಎದುರಿನಿಂದ ಆರಂಭಿಸುವುದು ವಾಡಿಕೆ. ಆದರೆ 1909ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದ ಅವರನ್ನು ‘ಚುಟುಕ ಬ್ರಹ್ಮ’ ಎಂದು ಹೊಗಳುವ ಭರದಲ್ಲಿ ನಾವು ಗೇಣಿದಾರರ ಸಂಘಟನೆಯಾದ ರೈತಕೂಟದ ದೇಸಾಯಿಯವರನ್ನು ಮರೆತಿದ್ದೇವೆ ಎಂಬುದು ನನ್ನ ತಕರಾರು.

ಕಟ್ಟೆಯ ಬುಡದಲ್ಲಿರುವ ಈ ಮರದ ಹಲಗೆಯನ್ನು ಹತ್ತಿರದಿಂದ ನೋಡಿ. ಭರತದ, ಅಂದರೆ ಸಮುದ್ರದ ನೀರು ಏರುವ ಹೊತ್ತಿಗೆ ಇದನ್ನು ಇಳಿಸದಿದ್ದರೆ, ಇಲ್ಲವೇ ಮಣ್ಣಿನ ಕಟ್ಟೆ ಎಲ್ಲಾದರೂ ಒಡೆದರೆ, ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಇಲ್ಲಿ ಬೆಳೆಯುವ ಕಗ್ಗ ಎಂಬ ಭತ್ತದ ತಳಿ ಉಪ್ಪನ್ನು ತಾಳುವುದು ನಿಜ, ಆದರೆ ಅದಕ್ಕೂ ಒಂದು ಮಿತಿಯಿದೆ. ಬೆಳೆ ಕೊಳೆತುಹೋದರೂ ಒಡೆಯರ ಗೇಣಿ ಮಾತ್ರ ತಪ್ಪುತ್ತಿರಲಿಲ್ಲ. ಅದನ್ನು ಭತ್ತದಲ್ಲಿಯೇ ಅಳೆದುಕೊಡಬೇಕಿತ್ತು. ಬಾಕಿ ಉಳಿದದ್ದು ಮುಂದಿನ ಸುಗ್ಗಿಯ ಲೆಕ್ಕಕ್ಕೆ ಏರುತ್ತಿತ್ತು. ಬಾಯಿಮಾತಿನ ಗೇಣಿಯಾದ್ದರಿಂದ ಎಷ್ಟೋ ಒಕ್ಕಲುಗಳ ಕೈಯಲ್ಲಿ ಒಂದು ಚೀಟಿಯೂ ಇರದೆ, ‘ನಾಳೆಯಿಂದ ಗದ್ದೆಗೆ ಇಳಿಯಬೇಡ’ ಎಂಬ ಒಂದೇ ಮಾತಿಗೆ ಅಜ್ಜನ ಕಾಲದಿಂದ ಉತ್ತ ನೆಲ ಕೈತಪ್ಪುತ್ತಿತ್ತು. ಗಾಳಿ ಮೈಕಿನೊಳಗೆ ಗುಂಯ್‌ಗುಡುತ್ತಿದೆ, ಸಹಿಸಿಕೊಳ್ಳಿ.

ಕಾನೂನು ಓದಿ, ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ಕೆಲಸ ಮಾಡಿದ ದೇಸಾಯಿಯವರಿಗೆ ಸಂಘ ಕಟ್ಟುವುದೆಂದರೇನು ಎಂಬುದು ತಿಳಿದಿತ್ತು. ಒಡೆಯರ ಜಗಲಿಯ ಕೆಳಗೆ ಒಬ್ಬಂಟಿಯಾಗಿ ಅಂಗಲಾಚುತ್ತಿದ್ದ ಗೇಣಿದಾರ ರೈತಕೂಟದವನಾಗಿ ಬಂದು ಕೇಳತೊಡಗಿದಾಗ ಬ್ರಿಟಿಷ್ ಸರಕಾರಕ್ಕೆ ಅದು ಹಿಡಿಸಲಿಲ್ಲ. 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಹುಟ್ಟಿದೂರಿಗೆ ವರ್ಷಗಟ್ಟಲೆ ಕಾಲಿಡಲಾಗದ ಈ ಶಿಕ್ಷೆಯನ್ನು ಚುಟುಕಗಳನ್ನು ಬಾಯಿಪಾಠ ಹೇಳುವವರಲ್ಲಿ ಎಷ್ಟು ಜನ ಬಲ್ಲರು?

1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು, ಜಿಲ್ಲೆಯ ಉದ್ದಕ್ಕೂ ಶಾಲೆಗಳು ಎದ್ದವು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಈ ಶಾಲೆಗಳೇ ಅವರ ಅತಿದೊಡ್ಡ ಕೆಲಸವೆಂದು ಕಾರವಾರದಿಂದ ಹೊರಟಾಗ ನಾನೂ ವಾದಿಸುತ್ತಿದ್ದೆ. ಇಲ್ಲಿ ನಿಂತ ಮೇಲೆ ಹಾಗೆನಿಸುತ್ತಿಲ್ಲ: ಇದ್ದ ಭತ್ತವೆಲ್ಲ ಗೇಣಿಗೆ ಹೋಗುವ ಮನೆಯಿಂದ ಯಾವ ಹುಡುಗ ಶಾಲೆಗೆ ಬಂದಾನು? 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್, ಅಂದರೆ ತಾವು ಉಳುವ ಗೇಣಿ ಭೂಮಿ ತಮಗೆ ಸಿಗಬೇಕೆಂಬ ಅರ್ಜಿ ಹಾಕಿ ಭೂಮಿ ಪಡೆದ ಒಕ್ಕಲುಗಳನ್ನು ಅವರು ಕಣ್ಣಾರೆ ಕಂಡೇ 1982ರಲ್ಲಿ ತೀರಿಕೊಂಡರು.

ಇದೇ ಗಜನಿಗಳು ಈಗ ಸಿಗಡಿ ಕೃಷಿಗೆ ಗುತ್ತಿಗೆ ಹೋಗುತ್ತಿರುವುದರ ಬಗ್ಗೆ ನನಗೆ ಬೇರೆಯೇ ಸಿಟ್ಟಿದೆ, ಆದರೆ ಭರತ ಏರುತ್ತಿದೆ. ಕಟ್ಟೆ ಇಳಿದು ಹೊರಡುತ್ತೇನೆ.