ಪಾಸ್‌ಪೋರ್ಟ್ ಖಾಲಿ ಮಾಡಿದ ಊರು

ಎಲ್ಲರಿಗೂ ನಮಸ್ಕಾರ. ಗಡಿ ಅಂದ ಕೂಡಲೇ ನಮ್ಮ ಸಭೆಗಳಲ್ಲಿ ಬೆಳಗಾವಿ, ಕಾಸರಗೋಡು ಅಂತ ಜಗಳ ಶುರುವಾಗುತ್ತದೆ. ಅದಕ್ಕೇ ಇವತ್ತು ಬೇಕಂತಲೇ ದೂರದ ಊರು ಹಿಡಿದಿದ್ದೇನೆ. ಸರ್ಬಿಯಾದ ದಿಮಿತ್ರೊವ್‌ಗ್ರಾದ್. ನಿಶಾವಾ ನದಿಯ ದಡ, ಪಕ್ಕದಲ್ಲೇ ಬಲ್ಗೇರಿಯಾ. ಅಲ್ಲಿಯ ಬಲ್ಗೇರಿಯನ್ನರ ಬಾಯಲ್ಲಿ ಇವತ್ತಿಗೂ ಅದು ತ್ಸಾರಿಬ್ರೋದ್. ಈಗಿನ ಹೆಸರು ಬಂದದ್ದು 1950ರಲ್ಲಿ, ಬಲ್ಗೇರಿಯಾದ ಕಮ್ಯುನಿಸ್ಟ್ ನಾಯಕ ಗೆಯೋರ್ಗಿ ದಿಮಿತ್ರೊವ್ ನೆನಪಿಗೆ. ಬಲ್ಗೇರಿಯಾದಲ್ಲೂ ಇದೇ ಹೆಸರಿನ ಊರೊಂದಿದೆ. ಟಿಕೆಟ್ ಕೊಡುವವನ ಗತಿ ಏನು ಹೇಳಿ!

ಹಿನ್ನೆಲೆ ನಿಮಗೆ ಗೊತ್ತು. ಮೊದಲ ಮಹಾಯುದ್ಧದಲ್ಲಿ ಬಲ್ಗೇರಿಯಾ ಸೋತಿತು, 1919ರಲ್ಲಿ ನ್ಯೂಯಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು, ಮರುವರ್ಷ ಬಲ್ಗೇರಿಯಾದ ಈ ಗಡಿಪಟ್ಟಿ ಸರ್ಬಿಯಾ ಸೇರಿದ್ದ ಹೊಸ ರಾಜ್ಯದ, ಅಂದರೆ ಮುಂದಿನ ಯುಗೊಸ್ಲಾವಿಯಾದ, ಕೈಗೆ ಹೋಯಿತು. ಸ್ಟ್ರೆಜಿಮಿರೊವ್ತ್ಸಿ ಅನ್ನೋ ಹಳ್ಳಿಯನ್ನಂತೂ ಗಡಿ ನಡುವೆಯೇ ಸೀಳಿತು. ಮನೆ ಒಂದು ದೇಶದಲ್ಲಿ, ಹೊಲ ಇನ್ನೊಂದರಲ್ಲಿ ಇದ್ದವರು ಆ ಗಡಿಯುದ್ದಕ್ಕೂ ಇದ್ದರು. ಅವರಿಗೆ ಉಳುಮೆಗೂ ಪರ್ಮಿಟ್ ಬೇಕು!

ಆದರೆ ನನಗೆ ಇಷ್ಟವಾದ ಕಥೆ ಪೆಟ್ರೋಲಿನದು. 1992ರಲ್ಲಿ ಬೋಸ್ನಿಯಾ ಯುದ್ಧದ ಕಾರಣಕ್ಕೆ ವಿಶ್ವಸಂಸ್ಥೆ ಯುಗೊಸ್ಲಾವಿಯಾದ ಮೇಲೆ ದಿಗ್ಬಂಧನ ಹಾಕಿತು. ಬಂಕುಗಳು ಒಣಗಿದವು. ಹಣದುಬ್ಬರ ಎಷ್ಟಿತ್ತೆಂದರೆ, ಬೆಳಗ್ಗೆ ಬಂದ ಸಂಬಳಕ್ಕೆ ಸಂಜೆ ಬೆಲೆಯಿಲ್ಲ. ಗಡಿಯಾಚೆ ಬಲ್ಗೇರಿಯಾದಲ್ಲಿ ಪೆಟ್ರೋಲ್ ಸಿಗುತ್ತಿತ್ತು. ಗಡಿಯವರು ಏನು ಮಾಡಿದರು? ಖಾಲಿ ಟ್ಯಾಂಕಿನಲ್ಲಿ ಹೋಗೋದು, ತುಂಬಿಸಿಕೊಂಡು ಬರೋದು, ಟ್ಯಾಂಕಿಗೆ ಪೈಪ್ ಇಳಿಬಿಟ್ಟು ಬಾಯಲ್ಲಿ ಎಳೆಯೋದು. ಬಾಯಿಗೆ ಬಂದದ್ದನ್ನು ಥೂ ಅಂತ ಉಗಿದು ಕ್ಯಾನಿಗೆ ಬಿಡೋದು. ರಸ್ತೆ ಬದಿಯಲ್ಲಿ ಮಾರೋದು, ಮತ್ತೆ ಕ್ಯೂ ನಿಲ್ಲೋದು. ಕಳ್ಳಸಾಗಣೆ ಅನ್ನಿ, ಪರವಾಗಿಲ್ಲ. ಎರಡೂ ಕಡೆ ನೆಂಟರು, ಎರಡೂ ಭಾಷೆ ಬಾಯಲ್ಲೇ ಇದ್ದವರಿಗೆ ಆಗ ಆ ಗಡಿಯೇ ಅನ್ನ ಹಾಕಿತು.

ಈಗ ನನ್ನ ತಕರಾರು. ಅಲ್ಪಸಂಖ್ಯಾತರು ಅಂದರೆ ನಾವು ಶಾಲೆ, ಬೋರ್ಡು, ಭಾಷೆ ಅಂತೀವಿ. ಅವೆಲ್ಲ ಬೇಕು. ಆದರೆ ಈ ಊರನ್ನು ಖಾಲಿ ಮಾಡುತ್ತಿರುವುದು ದ್ವೇಷಕ್ಕಿಂತ ಜಾಸ್ತಿ ಪ್ರೀತಿ. ಬಲ್ಗೇರಿಯಾ 1993ರಿಂದ ಹೊರದೇಶದ ತನ್ನವರಿಗೆ ವಿಶ್ವವಿದ್ಯಾಲಯಗಳಲ್ಲಿ ಸೀಟು ಕಾದಿರಿಸಿದೆ. ಪೌರತ್ವವನ್ನೂ ಕೊಡುತ್ತದೆ. 2007ರಲ್ಲಿ ಅದು ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಆ ಪಾಸ್‌ಪೋರ್ಟ್ ಕೈಲಿದ್ದರೆ ಜರ್ಮನಿಯಲ್ಲೂ ಕೆಲಸ ಮಾಡಬಹುದು. ಸೋಫಿಯಾ ಅರವತ್ತು ಕಿಲೋಮೀಟರ್ ಚಿಲ್ಲರೆ, ಬೆಲ್‌ಗ್ರೇಡ್ ಮುನ್ನೂರಕ್ಕೂ ಮೇಲೆ. ಹುಡುಗರು ಯಾವ ಕಡೆ ಹೋಗುತ್ತಾರೆ? ಹೋದವರು ವಾಪಸ್ ಯಾಕೆ ಬರುತ್ತಾರೆ? ಸರ್ಬಿಯಾದ ಜನಗಣತಿಯಲ್ಲಿ 2011ರಲ್ಲಿ ಬಲ್ಗೇರಿಯನ್ನರು 18,543. 2022ರಲ್ಲಿ 12,918. ಮುದುಕರು ಸತ್ತಿದ್ದಾರೆ, ಮಕ್ಕಳು ಹುಟ್ಟಿಲ್ಲ, ಎಲ್ಲ ನಿಜ. ಆದರೂ ನಾನು ಮತ್ತೆ ಹೇಳುತ್ತೇನೆ, ತಾಯ್ನಾಡು ಕೈ ಚಾಚಿದಷ್ಟೂ ಊರು ಬರಿದಾಗುತ್ತಿದೆ. ಹಾಗಂತ ಪಾಸ್‌ಪೋರ್ಟ್ ಕೊಡಬೇಡಿ ಅನ್ನೋಕಾಗುತ್ತಾ? ಅನ್ನೋಕೆ ನಾನ್ಯಾರು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸರಿ, ಬೇಗ ಮುಗಿಸುತ್ತೇನೆ. ಗಡಿ ಗೇಟು ದಾಟಿ ಬಲ್ಗೇರಿಯಾಕ್ಕೆ ಹೋದರೆ ಗಡಿಯಾರ ಒಂದು ಗಂಟೆ ಮುಂದೆ. 2025ರ ಜನವರಿಯಿಂದ ಆ ಗೇಟು ಷೆಂಗೆನ್ ವಲಯದ, ಅಂದರೆ ಒಳಗಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪಿನ, ಹೊರಬಾಗಿಲು ಕೂಡ. ಬೇಸಿಗೆಯಲ್ಲಿ ಜರ್ಮನಿಯಿಂದ ಟರ್ಕಿಗೆ ಹೋಗುವ ಕಾರುಗಳ ಸಾಲು ಅಲ್ಲಿ ನಿಲ್ಲುತ್ತದೆ. 2019ರಲ್ಲಿ ಹೆದ್ದಾರಿ ಪೂರ್ತಿಯಾದ ಮೇಲೆ ಅವು ಊರೊಳಗೆ ಬರಬೇಕಾಗಿಲ್ಲ. ಊರಿನ ಹತ್ತಿರದ ಪೊಗಾನೊವೊ ಮಠದ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಬಿಡಿ. ಯಾರಿಗಾದರೂ ಪ್ರಶ್ನೆ ಇದ್ದರೆ ಮೈಕ್ ಆ ಕಡೆ ಕೊಡಿ.