ಮೊದಲು ಚೆನ್ನಾಗಿರುವ ಬೆಕ್ಕು, ಕೊನೆಗೆ ಕಾಯಿಲೆ ಬೆಕ್ಕು

ಕೇಳುಗರಿಗೆಲ್ಲಾ ನಮಸ್ಕಾರ. ನಾನು ಪಶುವೈದ್ಯ. ಕೆಲಸದ ಬಹುಪಾಲು ವರ್ಷ ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲೇ ಕಳೆದಿದ್ದೇನೆ. ಎಮ್ಮೆ, ಎತ್ತು, ಕುರಿ ಬಗ್ಗೆ ಮಾತಾಡಲು ಹಿಂದೆಲ್ಲಾ ಕರೆದಿದ್ದಾರೆ. ಈ ಸಲ ಬೆಕ್ಕಿನ ಬಗ್ಗೆ ಹೇಳಿ ಅಂದಾಗ ನನಗೆ ನಿಜವಾಗಿ ಖುಷಿಯಾಯಿತು. ನಮ್ಮ ಕಡೆ ಒಂದೇ ಒಂದು ಬೆಕ್ಕು ಇರುವ ಮನೆ ಕಡಿಮೆ, ಅಲ್ವಾ? ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳಲ್ಲಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಚೀಲ ಒಟ್ಟುವ ಮನೆಗಳಲ್ಲಿ ಇಲಿ ಕಾಟಕ್ಕೆ ಅಂತ ಒಂದು ಬೆಕ್ಕು ಬರುತ್ತದೆ. ಅದು ಮರಿ ಹಾಕುತ್ತದೆ. ಆ ಮರಿ ದೊಡ್ಡದಾಗಿ ಅದೂ ಮರಿ ಹಾಕುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಏಳೆಂಟು ಬೆಕ್ಕು. ಅದರಲ್ಲಿ ಒಂದಕ್ಕೆ ಅಂಟುರೋಗ ಬಂದರೆ ಏನು ಮಾಡಬೇಕು? ಇವತ್ತು ಅದನ್ನೇ ಹೇಳುತ್ತೇನೆ.

ಒಂದೇ ಮಾತು ಹೇಳುತ್ತೇನೆ, ಬೇರೆ ಎಲ್ಲಾ ಮರೆತರೂ ಪರವಾಗಿಲ್ಲ. ಕಾಯಿಲೆ ಬೆಕ್ಕನ್ನು ಬೇರೆ ಕೋಣೆಗೆ ಹಾಕಿ. ಆಮೇಲೆ ದಿನಾ ಮೊದಲು ಚೆನ್ನಾಗಿರುವ ಬೆಕ್ಕುಗಳ ಕೆಲಸ ಮುಗಿಸಿ, ಕೊನೆಗೆ ಕಾಯಿಲೆ ಬೆಕ್ಕಿನ ಹತ್ತಿರ ಹೋಗಿ. ಮೊದಲು ಚೆನ್ನಾಗಿರುವುದು, ಕೊನೆಗೆ ಕಾಯಿಲೆಯದು. ಅಷ್ಟೇ.

ಇದರಲ್ಲಿ ಏನು ದೊಡ್ಡದಿದೆ ಅಂತ ಅನಿಸಬಹುದು. ಆದರೆ ಬೆಳಿಗ್ಗೆ ಎದ್ದ ಕೂಡಲೇ ನೀವು ಏನು ಮಾಡುತ್ತೀರಿ ಹೇಳಿ. ರಾತ್ರಿಯೆಲ್ಲಾ ವಾಂತಿ ಮಾಡಿದ ಮರಿ ಇದೆಯೋ ಹೋಯಿತೋ ಅಂತ ಮೊದಲು ಅದರ ಹತ್ತಿರವೇ ಓಡುತ್ತೀರಿ. ಎತ್ತಿಕೊಳ್ಳುತ್ತೀರಿ, ಬಾಯಿ ಒರೆಸುತ್ತೀರಿ, ಎರಡು ಚಮಚ ನೀರು ಹಾಕುತ್ತೀರಿ. ಅಷ್ಟರಲ್ಲಿ ಉಳಿದವು ಹಸಿವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಅದೇ ಕೈಯಲ್ಲಿ ಅವುಗಳ ತಟ್ಟೆಗೆ ಹಾಲು ಅನ್ನ ಕಲಸಿ ಹಾಕುತ್ತೀರಿ. ರೋಗ ನಡೆದುಕೊಂಡು ಹೋಗುವುದಿಲ್ಲ. ನಾವೇ ಹೊತ್ತುಕೊಂಡು ಹೋಗಿ ಕೊಡುತ್ತೇವೆ.

ಕಾರಟಗಿ ಹತ್ತಿರದ ಒಂದು ಮನೆಯ ವಿಷಯ ಹೇಳುತ್ತೇನೆ. ದೊಡ್ಡ ಮನೆ, ಬಂಡೆ ಹಾಸಿದ ಪಡಸಾಲೆ, ಪಕ್ಕದಲ್ಲೇ ಭತ್ತದ ಗೋದಾಮು. ಮನೆಯ ಹಿರಿಯಮ್ಮನಿಗೆ ಬೆಕ್ಕು ಅಂದರೆ ಪ್ರಾಣ. ಎಂಟು ಬೆಕ್ಕು ಇದ್ದವು, ನಾಲ್ಕು ದೊಡ್ಡವು, ನಾಲ್ಕು ಮರಿ. ಒಂದಕ್ಕೂ ಲಸಿಕೆ ಆಗಿರಲಿಲ್ಲ. ಯುಗಾದಿ ಮುಗಿದ ಮೇಲೆ ಮೊಮ್ಮಗ ಮಿಲ್ಲಿನಿಂದ ಇನ್ನೊಂದು ಮರಿ ತಂದ. ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಬಿಳಿ ಮೈ, ಬಾಲ ಮಾತ್ರ ಕಪ್ಪು. ಬಂದ ದಿನವೇ ಉಳಿದ ಮರಿಗಳ ಜೊತೆ ಅದೇ ಚೀಲದ ಮೇಲೆ ಮಲಗಿತು.

ನಾಲ್ಕನೇ ದಿನ ಅದನ್ನು ನನ್ನ ಹತ್ತಿರ ತಂದರು. ಹಿರಿಯಮ್ಮ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ನಿನ್ನೆ ಸಂಜಿ ತನಕ ಚಂದ ಆಡಿಕೆಂತ ಇತ್ರಿ ಡಾಕ್ಟ್ರೇ. ಇವತ್ತ ನೀರಿನ ಗಂಗಾಳದ ಮುಂದ ತಲಿ ಬಗ್ಗಿಸಿಕೊಂಡು ಕುಂತೈತಿ, ಕುಡಿಯವಲ್ದು." ನೀರಿನ ಮುಂದೆ ಕೂತಿದೆ, ಕುಡಿಯುವುದಿಲ್ಲ. ಹೆಸರು ಆಮೇಲೆ ಹೇಳುತ್ತೇನೆ, ಈ ರೋಗದಲ್ಲಿ ಬೆಕ್ಕು ಹೀಗೆ ಕೂರುವುದನ್ನು ನಾನು ತುಂಬಾ ನೋಡಿದ್ದೇನೆ. ಬಾಯಾರಿಕೆ ಇರುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಜ್ವರ ಜೋರಾಗಿತ್ತು, ಹಳದಿ ನೊರೆ ವಾಂತಿ ಇತ್ತು. ನಾನು ಗ್ಲೂಕೋಸ್ ಹಾಕಿದೆ, ಇಂಜೆಕ್ಷನ್ ಕೊಟ್ಟೆ, ನಾಳೆ ಮತ್ತೆ ತನ್ನಿ ಅಂತ ಕಳಿಸಿದೆ. ಮನೆಯಲ್ಲಿ ಇನ್ನೂ ಎಷ್ಟು ಬೆಕ್ಕು ಇದಾವೆ ಅಂತ ಕೇಳಲೇ ಇಲ್ಲ. ಅದು ನನ್ನ ತಪ್ಪು. ಆ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನದು ಅಷ್ಟು ಕೆಡುತ್ತಿರಲಿಲ್ಲ.

ಮರಿ ಎರಡು ದಿನ ಬದುಕಿತು. ಆ ಎರಡು ದಿನ ಹಿರಿಯಮ್ಮ ಅದನ್ನು ಅಡುಗೆಮನೆಯಲ್ಲಿ ಒಲೆ ಹತ್ತಿರ ಬೆಚ್ಚಗೆ ಮಲಗಿಸಿಕೊಂಡು, ರಾತ್ರಿಯೆಲ್ಲಾ ಎದ್ದು ಎದ್ದು ಚಮಚದಲ್ಲಿ ನೀರು ಹಾಕಿ, ವಾಂತಿ ಮಾಡಿದಾಗಲೆಲ್ಲಾ ಸೆರಗಿನಿಂದ ಬಾಯಿ ಒರೆಸಿದರು. ಅದೇ ಸೆರಗು ಹೊದ್ದುಕೊಂಡು ಬೆಳಿಗ್ಗೆ ಪಡಸಾಲೆಗೆ ಬಂದು ಕೂತರು. ಉಳಿದ ನಾಲ್ಕು ಮರಿ ಬಂದು ಆ ಸೆರಗಿನ ಮೇಲೆ ಮಲಗಿದವು. ದಿನಾ ಅಲ್ಲೇ ಮಲಗಿ ಅಭ್ಯಾಸ ಅವಕ್ಕೆ.

ಮುಂದಿನ ವಾರ ಒಂದರ ಹಿಂದೆ ಒಂದು ಬಿದ್ದವು. ಎರಡು ಮರಿ ಒಂದೇ ರಾತ್ರಿ ಹೋದವು. ಮನೆಯವರು ಏನು ಅಂದುಕೊಂಡರು ಗೊತ್ತಾ? ಪಕ್ಕದ ಮನೆಯವರು ವಿಷ ಹಾಕಿದ್ದಾರೆ ಅಂತ. "ಯಾರೋ ಇಸ ಹಾಕ್ಯಾರ್ರಿ" ಅಂತಲೇ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಕಟ್ಟೆ ಮೇಲೆ ಜನ ಸೇರಿ ಜಗಳ ಜೋರಾಗಿತ್ತು. ಈ ಮಾತು ದಯವಿಟ್ಟು ಕೇಳಿಸಿಕೊಳ್ಳಿ. ಲಸಿಕೆ ಆಗದ ಮರಿಗಳು ಹೀಗೆ ಸಾಲಾಗಿ ಸತ್ತರೆ ಮೊದಲು ಈ ರೋಗವನ್ನು ಅನುಮಾನಿಸಿ, ನೆರೆಯವರನ್ನಲ್ಲ.

ರೋಗದ ಹೆಸರು ಪ್ಯಾನ್‌ಲ್ಯೂಕೋಪೀನಿಯಾ. ಹೆಸರು ಬಿಡಿ, ಬೆಕ್ಕಿನ ಪಾರ್ವೋ ಅನ್ನಿ, ಸಾಕು. ಇದರ ವೈರಸ್ ಕರುಳನ್ನು ಕೆಡಿಸುತ್ತದೆ, ಮೈಯಲ್ಲಿ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನು ಖಾಲಿ ಮಾಡುತ್ತದೆ. ನಾಯಿಮರಿಗಳಿಗೆ ರಕ್ತಭೇದಿ ಬರುವ ಪಾರ್ವೋ ಇದೆಯಲ್ಲ, ಅದು ಇದರದೇ ಬಳಗ. ನಾಯಿಗಳಲ್ಲಿ ಅದನ್ನು ಮೊದಲು ಗುರುತಿಸಿದ್ದು 1978ರಲ್ಲಿ. ಬೆಕ್ಕಿನದು ಅದಕ್ಕಿಂತ ಹಳೆಯದು. ಮನುಷ್ಯರಿಗೆ ಬರುವುದಿಲ್ಲ, ಆ ಭಯ ಬೇಡ. ಆದರೆ ಮನುಷ್ಯರ ಕೈ, ಚಪ್ಪಲಿ, ಸೆರಗು ಹಿಡಿದು ಮನೆಯೆಲ್ಲಾ ಓಡಾಡುತ್ತದೆ.

ಆ ದಿನ ಅಲ್ಲಿ ಎರಡು ಮರಿಗೆ ಜ್ವರ ಇತ್ತು, ಒಂದು ದೊಡ್ಡ ಬೆಕ್ಕು ವಾಂತಿ ಮಾಡುತ್ತಿತ್ತು. ಮೂರು ದೊಡ್ಡವು ಚೆನ್ನಾಗಿದ್ದವು. ಕೊಟ್ಟಿಗೆ ಪಕ್ಕದಲ್ಲಿ ಹೊಟ್ಟು ತುಂಬುವ ಸಣ್ಣ ಕೋಣೆ ಖಾಲಿ ಮಾಡಿಸಿ, ಮೂರು ಕಾಯಿಲೆಯವನ್ನು ಅಲ್ಲಿಗೆ ಸಾಗಿಸಿದೆ. ಬಾಗಿಲ ಒಳಗೆ ಒಂದು ಜೊತೆ ಹಳೆ ಚಪ್ಪಲಿ, ಮೊಳೆಗೆ ಒಂದು ಹಳೆ ನೈಟಿ, ಬೇರೆ ತಟ್ಟೆ, ಬೇರೆ ಮರಳಿನ ಡಬ್ಬಿ. ಒಳಗೆ ಹೋದವರು ಅದನ್ನು ಹಾಕಿಕೊಳ್ಳಬೇಕು, ಬರುವಾಗ ಅಲ್ಲೇ ಬಿಟ್ಟು ಸೋಪು ಹಚ್ಚಿ ಕೈ ತೊಳೆದು ಬರಬೇಕು. ಮನೆಗೆಲ್ಲಾ ಒಬ್ಬರೇ ಬೆಕ್ಕು ನೋಡುವವರು ಇದ್ದರೆ ಮೊದಲು ಪಡಸಾಲೆ, ಕೊನೆಗೆ ಹೊಟ್ಟಿನ ಕೋಣೆ. ಎಂಟನೇ ಕ್ಲಾಸಿನ ಮೊಮ್ಮಗಳು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: "ಕೈ ತೊಳಿದಂಗ ಅಡಿಗಿಮನಿಗೆ ಬರಬ್ಯಾಡ್ರಿ." ಅಜ್ಜಿಯನ್ನೂ ಬಿಡಲಿಲ್ಲ ಆ ಹುಡುಗಿ!

ಇನ್ನೂ ಒಂದು ಮರಿ ಹೋಯಿತು. ಉಳಿದ ಮರಿ ಮತ್ತು ದೊಡ್ಡ ಬೆಕ್ಕು ಬದುಕಿದವು. ಪಡಸಾಲೆಯ ಮೂರಕ್ಕೆ ಏನೂ ಆಗಲಿಲ್ಲ. ಹತ್ತು ದಿನಕ್ಕೆ ಮರಿ ಎದ್ದು ಬಾಲ ಹಿಡಿಯುತ್ತಾ ಆಡತೊಡಗಿತು. ಹಿರಿಯಮ್ಮ, "ಆರಾಮಾಗೈತಲ್ರಿ, ಹೊರಗ ಬಿಡ್ತೀನಿ" ಅಂದರು. ನಾನು ಬೇಡ ಅಂದೆ. ಗುಣವಾದ ಬೆಕ್ಕು ಕೂಡ 6 ವಾರದವರೆಗೆ ಹೊಲಸಿನಲ್ಲಿ ವೈರಸ್ ಬಿಡಬಹುದು. 6 ವಾರ ಬೇರೆ ಇಡಿ ಅಂದೆ. ಅವರಿಗೆ ಕೋಪ ಬಂತು, ಆದರೂ ಇಟ್ಟರು.

ಈಗ ತೊಳೆಯುವ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಯಾಕಂದ್ರೆ ಎಲ್ಲಾ ಮನೆಯಲ್ಲೂ ಇದೇ ತಪ್ಪು. ಫಿನೈಲ್ ಹಾಕಬೇಡಿ. ಈ ವೈರಸ್ಸಿಗೆ ಅದನ್ನು ನಂಬಲಾಗದು, ಅದರ ಮೇಲೆ ಬೆಕ್ಕಿಗೆ ಅದು ವಿಷ. ಬೆಕ್ಕು ನೆಲದ ಮೇಲೆ ಓಡಾಡಿ ಪಾದ ನೆಕ್ಕುತ್ತದೆ, ಅದರ ಲಿವರ್‌ಗೆ ಫಿನೈಲಿನ ಅಂಶ ಅರಗಿಸುವ ಶಕ್ತಿ ಇಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೂ ಈ ವೈರಸ್ ಬಗ್ಗುವುದಿಲ್ಲ. ನಮ್ಮ ರಾಯಚೂರು ಬಿಸಿಲಿಗೆ ಎಲ್ಲಾ ಸಾಯುತ್ತದೆ ಅನ್ನುತ್ತೀರಿ. ಅಂಗಳದ್ದು ಬಿಡಿ, ನೆರಳಿನ ಕೋಣೆಯ ಬಂಡೆ ಸಂದಿನಲ್ಲಿ ಅದು ಒಂದು ವರ್ಷದವರೆಗೂ ಬದುಕಿರಬಲ್ಲದು.

ಬೇಕಾಗಿರುವುದು ಸೋಡಿಯಂ ಹೈಪೋಕ್ಲೋರೈಟ್. 2020ರಲ್ಲಿ ಕೊರೊನಾ ಬಂದಾಗ ಓಣಿ ಓಣಿಗೆ ಹೊಡೆದರಲ್ಲ, ಅದೇ. ಅಂಗಡಿಯಲ್ಲಿ ಸಿಗುವ 5 ಪರ್ಸೆಂಟಿನ ದ್ರಾವಣ ತನ್ನಿ, ಒಂದು ಲೀಟರ್ ನೀರಿಗೆ 35 ಮಿಲಿ ಹಾಕಿ. ಮೊದಲು ಹೊಲಸು ತೆಗೆದು ಸೋಪಿನ ನೀರಲ್ಲಿ ತೊಳೆಯಿರಿ. ಹೊಲಸಿನ ಮೇಲೆ ಸುಮ್ನೆ ಸುರಿದರೆ ಕೆಲಸ ಮಾಡುವುದಿಲ್ಲ. ಆಮೇಲೆ ಇದನ್ನು ಹಾಕಿ 10 ನಿಮಿಷ ಒದ್ದೆಯಾಗಿಯೇ ಬಿಡಿ, ನಂತರ ನೀರಲ್ಲಿ ತೊಳೆದು ಒಣಗಿಸಿ. ಆಗ ಬೆಕ್ಕು ಅಲ್ಲಿರಬಾರದು, ಕಿಟಕಿ ತೆರೆದಿರಬೇಕು. ಸಂಡಾಸು ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಗೋಣಿಚೀಲ ತೊಳೆಯಲು ಹೋಗಬೇಡಿ, ಸುಟ್ಟುಬಿಡಿ.

ಬೇರೆ ಕೋಣೆ ಎಲ್ಲಿಂದ ತರೋಣ, ಇರುವುದೇ ಒಂದು ಕೋಣೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಚ್ಚಲು ಆಗುತ್ತದೆ. ಕೋಳಿ ಮುಚ್ಚುವ ದೊಡ್ಡ ಬುಟ್ಟಿ ಆಗುತ್ತದೆ, ಮನೆಯ ಒಂದು ಮೂಲೆಯಲ್ಲಿ ಇಟ್ಟು ಉಳಿದವು ಹತ್ತಿರ ಹೋಗದಂತೆ ನೋಡಿಕೊಳ್ಳಿ. ತಗಡಿನ ಶೆಡ್ಡಿನಲ್ಲಿ ಮಾತ್ರ ಕೂಡಿಹಾಕಬೇಡಿ, ನಮ್ಮ ಏಪ್ರಿಲ್, ಮೇ ಬಿಸಿಲಿಗೆ ರೋಗಕ್ಕಿಂತ ಮೊದಲು ಸೆಕೆಯೇ ಕೊಲ್ಲುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೀನು, ಕಣ್ಣಲ್ಲಿ ಪಿಸುರು, ಮೂಗು ಕಟ್ಟುವುದು, ನಾಲಿಗೆ ಮೇಲೆ ಹುಣ್ಣು, ಇದು ಬೆಕ್ಕಿನ ನೆಗಡಿ. ಇದಕ್ಕೂ ವೈರಸ್ಸೇ ಹೆಚ್ಚಾಗಿ ಕಾರಣ, ಇದಕ್ಕೂ ಅದೇ ನಿಯಮ. ಮೊದಲು ಚೆನ್ನಾಗಿರುವುದು, ಕೊನೆಗೆ ಕಾಯಿಲೆಯದು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಬರುವುದಿಲ್ಲ, ವಾಸನೆ ಬರದಿದ್ದರೆ ಅದು ತಿನ್ನುವುದಿಲ್ಲ. ಮೀನೋ ಕೋಳಿಯೋ ಬೇಯಿಸಿ ಉಗುರು ಬೆಚ್ಚಗೆ ಮಾಡಿ ಕೊಡಿ, ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ. ಎರಡು ದಿನ ಪೂರ್ತಿ ತಿನ್ನದಿದ್ದರೆ ಲಿವರ್ ಕೆಡಬಹುದು. ಅಷ್ಟು ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮರಿಯಾದರೆ ಅವತ್ತೇ ಹೋಗಿ.

ಜ್ವರ ಇದೆ ಅಂತ ನಿಮ್ಮ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಅರ್ಧವೂ ಬೇಡ, ಕಾಲು ಭಾಗವೂ ಬೇಡ. ಒಂದು ಮಾತ್ರೆಗೆ ಬೆಕ್ಕು ಸಾಯುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ತಿಂಗಳಿಗೊಬ್ಬರು ಮಾತ್ರೆ ಕೊಟ್ಟೇ ತರುತ್ತಾರೆ.

ಮೈಮೇಲೆ ದುಂಡಗೆ ಕೂದಲು ಉದುರಿದ್ದರೆ ಅದು ಗಜಕರ್ಣ ಇರಬಹುದು, ಮಕ್ಕಳಿಗೂ ಅಂಟುತ್ತದೆ. ಆ ಬೆಕ್ಕನ್ನು ಹಾಸಿಗೆಗೆ ಬಿಡಬೇಡಿ.

ಕೊನೆಗೆ ಲಸಿಕೆ. ಪಾರ್ವೋ ಮತ್ತು ನೆಗಡಿಯ ಎರಡು ವೈರಸ್, ಮೂರಕ್ಕೂ ಸೇರಿ ಒಂದೇ ಲಸಿಕೆ ಇದೆ. ಮರಿಗೆ 6ರಿಂದ 8 ವಾರ ಆದಾಗ ಶುರು ಮಾಡಿ, 3-4 ವಾರಕ್ಕೊಮ್ಮೆ ಹಾಕಿಸುತ್ತಾ 16 ವಾರ ದಾಟಿಸಿ. ಒಂದೇ ಸಲ ಹಾಕಿಸಿ ಬಿಡಬೇಡಿ, ತಾಯಿ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ಹಿಡಿಯಗೊಡದೆ ಇರಬಹುದು. ಒಂದು ವರ್ಷಕ್ಕೆ ಮತ್ತೊಂದು. ಹುಚ್ಚುನಾಯಿ ರೋಗದ ಲಸಿಕೆ ಬೇರೆ, ಅದು ಮರಿಗೆ 12 ವಾರ ಆದ ಮೇಲೆ. ಮನೆಗೆ ಹೊಸ ಬೆಕ್ಕು ಯಾವುದೇ ಬರಲಿ, ಎಷ್ಟೇ ಚೆನ್ನಾಗಿ ಕಾಣಲಿ, 14 ದಿನ ಬೇರೆ ಕೋಣೆ.

ಆ ಕಾರಟಗಿ ಹಿರಿಯಮ್ಮನಿಗೆ ನಾನು ಒಂದು ವರ್ಷ ಲಸಿಕೆ ಇಲ್ಲದ ಮರಿ ಮನೆಗೆ ತರಬೇಡಿ ಅಂದಿದ್ದೆ. ಮುಂದಿನ ಯುಗಾದಿ ಕಳೆದ ಮೇಲೆ ಅವರದೇ ಫೋನ್ ಬಂತು. "ಡಾಕ್ಟ್ರೇ, ಹೊಸಾದು ಬಂದೈತ್ರಿ. ಸೂಜಿ ಹಾಕ್ಸೇ ತಂದೀವಿ. ಹೊಟ್ಟಿನ ಕ್ವಾಣಿಯೊಳಗ ಐತಿ. ದಿನಾ ಅವಕ್ಕೆಲ್ಲಾ ಉಣಿಸಿ ಆದಮ್ಯಾಗೇ ಇದರ ಕಡಿ ಹೋಗ್ತೀನ್ರಿ."

ನಮಸ್ಕಾರ.