ಒಣ ಹೂವಿನ ಚಿತ್ರ ಮನೆಗೆ ಯಾಕೆ ಬೇಡ?

ನಮಸ್ಕಾರ. ಒಣಗಿದ ಹೂವಿನ ಚಿತ್ರ ತೋರಿಸಿದರೆ ನಮ್ಮಲ್ಲಿ ಬಹಳ ಜನ "ಚೆನ್ನಾಗಿದೆ, ಆದರೆ ಮನೆಗೆ ಬೇಡ" ಅನ್ನುತ್ತಾರೆ. ಯಾಕೆ ಅಂತ ನನಗೆ ಅರ್ಥವಾಗುತ್ತದೆ. ದೇವರ ಪಟದ ಮೇಲಿನ ಹೂವು ಬಾಡಿದರೆ ಬೆಳಿಗ್ಗೆ ಎದ್ದು ಮೊದಲು ಅದನ್ನು ತೆಗೆಯುವ ಮನೆಗಳು ನಮ್ಮವು. ಬಾಡಿದ್ದು ಅಂದರೆ ಮುಗಿಯಿತು. ಆದರೆ ಚಿತ್ರದ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ.

ಇಟಲಿಯ ಚಿತ್ರಕಾರ ಜಾರ್ಜೊ ಮೊರಾಂಡಿ ಅವರನ್ನೇ ನೋಡಿ. 1890ರಲ್ಲಿ ಬೊಲೋನ್ಯಾದಲ್ಲಿ ಹುಟ್ಟಿದರು, 1964ರಲ್ಲಿ ಅಲ್ಲೇ ತೀರಿಕೊಂಡರು. ಮೂವರು ತಂಗಿಯರ ಜೊತೆ ಒಂದೇ ಮನೆಯಲ್ಲಿ ಬದುಕು. ಮಲಗುವ ಕೋಣೆಯೇ ಸ್ಟುಡಿಯೋ. ದೇಶ ಬಿಟ್ಟು ಹೊರಗೆ ಕಾಲಿಟ್ಟಿದ್ದೇ 1956ರಲ್ಲಿ. ಬಾಟಲಿ, ಹೂಜಿ, ಡಬ್ಬಗಳನ್ನು ಮತ್ತೆ ಮತ್ತೆ ಬಿಡಿಸಿದವರು ಅಂತ ಅವರಿಗೆ ಹೆಸರು. ಹೂವನ್ನೂ ಬಿಡಿಸಿದ್ದಾರೆ. ಎಷ್ಟೋ ಸಲ ಅದು ಒಣಗಿದ ಹೂವು, ಇಲ್ಲವೇ ರೇಷ್ಮೆ ಬಟ್ಟೆಯ ಹೂವು.

ಅವರ ಕೆಲಸ ತುಂಬಾ ನಿಧಾನ. ಸಾಮಾನನ್ನು ಚೂರು ಸರಿಸುವುದು, ನೋಡುವುದು, ಮತ್ತೆ ಸರಿಸುವುದು. ಮೇಲೆ ಧೂಳು ಕೂತರೂ ಒರೆಸುತ್ತಿರಲಿಲ್ಲ. ತಾಜಾ ಗುಲಾಬಿ ಇಷ್ಟು ದಿನ ನಿಲ್ಲುತ್ತದಾ? ಒಣ ಹೂವು ಮಾತ್ರ ಕಾಯುತ್ತದೆ.

ಆ ಚಿತ್ರಗಳಲ್ಲಿ ಒಂದು ಬಿಳಿ ಹೂದಾನಿ. ಅದರ ಬಾಯಿ ತುಂಬಾ ಒತ್ತಿಕೊಂಡ ಸಣ್ಣ ಸಣ್ಣ ಹೂವು. ಎಸಳಿನ ಗೆರೆ ಇಲ್ಲ. ಮಂಕು ಗುಲಾಬಿ, ಬೂದಿ, ಕೆನೆ ಬಣ್ಣದ ಬ್ರಷ್ ಗುರುತುಗಳು ಅಷ್ಟೇ. ಹಿಂದೆ ಗೋಡೆ, ಕೆಳಗೆ ಮೇಜು, ಅವೂ ಎರಡು ಬಣ್ಣದ ಪಟ್ಟಿಗಳು. ಹತ್ತಿರ ಹೋದರೆ ಬರೀ ಬಣ್ಣ. ಎರಡು ಹೆಜ್ಜೆ ಹಿಂದೆ ಬಂದರೆ ಹೂವು. ಅರ್ಧ ವಸ್ತು, ಅರ್ಧ ಬರೀ ಬಣ್ಣ ಆಕಾರ ಆಗಿರುವ ಚಿತ್ರವನ್ನು ಸೆಮಿ ಅಬ್‌ಸ್ಟ್ರಾಕ್ಟ್, ಅರ್ಧ ಅಮೂರ್ತ ಅನ್ನುತ್ತೇವಲ್ಲ, ನನ್ನ ಮಟ್ಟಿಗೆ ಅದು ಈ ಎರಡು ಹೆಜ್ಜೆಯ ಜಾಗ.

ಇದಕ್ಕೆ ಒಣ ಹೂವೇ ಸರಿ ಅನ್ನುವುದು ನನ್ನ ವಾದ. ತಾಜಾ ಹೂವು ಕಂಡ ಕೂಡಲೇ ನಾವು ಅದರ ಹೆಸರು ಹೇಳುತ್ತೇವೆ. ಸೇವಂತಿಗೆ, ದಾಸವಾಳ. ಹೆಸರು ಹೇಳಿದ ಮೇಲೆ ನೋಡುವುದನ್ನು ನಿಲ್ಲಿಸುತ್ತೇವೆ, ಅಲ್ವಾ? ಒಣಗಿದಾಗ ಬಣ್ಣ ಇಳಿಯುತ್ತದೆ, ಎಸಳು ಮುದುರುತ್ತದೆ, ಹೆಸರು ಸಡಿಲವಾಗುತ್ತದೆ. ಉಳಿಯುವುದು ಆಕಾರ. ಅರ್ಧ ಅಮೂರ್ತದ ಕೆಲಸವನ್ನು ಹೂವು ತಾನೇ ಮಾಡಿಟ್ಟಿರುತ್ತದೆ. ಕಣ್ಣೆದುರಿನ ನಿಜಕ್ಕಿಂತ ಹೆಚ್ಚು ಅಮೂರ್ತವಾದದ್ದು ಯಾವುದೂ ಇಲ್ಲ ಅಂತ ಮೊರಾಂಡಿ ಹೇಳಿದ್ದರು. ಈ ಹೂವುಗಳನ್ನು ನೋಡಿದ ಮೇಲೆ ಆ ಮಾತು ನನಗೆ ಹಿಡಿಸಿತು.

ಹೂವು, ಹಣ್ಣು, ಪಾತ್ರೆಯಂಥ ಅಲುಗದ ವಸ್ತುಗಳ ಚಿತ್ರಕ್ಕೆ ಸ್ಟಿಲ್ ಲೈಫ್ ಅನ್ನುತ್ತೇವಲ್ಲ, ಇಟಲಿಯವರು ಅದನ್ನು "ನಾತುರಾ ಮೋರ್ತಾ" ಅನ್ನುತ್ತಾರೆ. ಸತ್ತ ಪ್ರಕೃತಿ ಅಂತ ಅರ್ಥ. ಮೊರಾಂಡಿ ಹೂವಿಗೆ ಈ ಹೆಸರು ಸ್ವಲ್ಪವೂ ಒಪ್ಪುವುದಿಲ್ಲ. ಇಂಥ ಎಷ್ಟೋ ಚಿತ್ರಗಳನ್ನು ಅವರು ಆಪ್ತರಿಗೆ ಉಡುಗೊರೆ ಕೊಟ್ಟರು. ಮನೆಗೆ ಅಂತಲೇ ಕೊಟ್ಟಿದ್ದು!

ಇನ್ನು ನಮ್ಮ ವಿಷಯ. ಒಣಗಿದ ಹೂವನ್ನು ನಾವು ಇಟ್ಟುಕೊಳ್ಳುವುದೇ ಇಲ್ಲವಾ? ರಂಜೆ ಹೂವು ನೆನಪು ಮಾಡಿಕೊಳ್ಳಿ, ಬಕುಳ. ಒಣಗಿ ಕಂದಾದರೂ ಪರಿಮಳ ಹೋಗುವುದಿಲ್ಲ. ಅದರ ಮಾಲೆಯನ್ನು ಸೀರೆಗಳ ನಡುವೆ ಇಟ್ಟ ಅಜ್ಜಿಯರು ನಮ್ಮವರೇ. ಅದನ್ನು ಯಾರೂ ಅಪಶಕುನ ಅನ್ನಲಿಲ್ಲ. ಯಾರಾದರೂ ಕಲಾವಿದರು ಆ ರಂಜೆ ಮಾಲೆಯನ್ನು ಹೀಗೆ ಬಿಡಿಸಿದರೆ, ನಮ್ಮ ಮನೆಯ ಹಾಲ್‌ನ ಗೋಡೆಯಲ್ಲಿ ಜಾಗ ಇದೆ.